ಸಂಕಲ್ಪದಲ್ಲಿ ಬಾರದ ಹೆಸರು

ಅಪ್ಪಾ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯಲು ಕೈ ಏಳುತ್ತಿಲ್ಲ.

ಇವತ್ತು ರಟ್ಟೀಹಳ್ಳಿಯ ಮನೆಯಲ್ಲಿ ನಿಮ್ಮ ಮೊದಲ ವರ್ಷದ ಶ್ರಾದ್ಧ ಆಯಿತು. ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದವನು ಅಲ್ಲೇ ಕೂತು ಗಾಂಜಾ ಸೇದಿದೆ. ಇವತ್ತಾದರೂ ಮನಸ್ಸು ಮಂತ್ರದಲ್ಲಿ ನಿಲ್ಲಲಿ ಎಂದೇ ಸೇದಿದೆ, ನೀವು ನಂಬಿದರೂ ಸರಿ, ಬಿಟ್ಟರೂ ಸರಿ. "ಸೇದಿ ಕೂತರ ಧ್ಯಾನ ಆಳಕ್ಕ ಹೋಗ್ತದ" ಎಂದು ನಿಮ್ಮೊಡನೆ ಎಷ್ಟು ವಾದಿಸಿದ್ದೆ! "ಅದು ಧ್ಯಾನ ಅಲ್ಲೋ, ಮಂಪರು" ಎಂದು ನೀವು ಜಪಮಾಲೆ ಹಿಡಿದು ಎದ್ದು ಹೋಗುತ್ತಿದ್ದಿರಿ.

ಸಂಕಲ್ಪದ ಹೊತ್ತಿಗೆ, ಹಾವೇರಿಯಿಂದ ಬಂದ ಆಚಾರ್ಯರು "ತಂದಿ ಹೆಸರು ಹೇಳ್ರಿ" ಎಂದರು. ಮುತ್ತಜ್ಜನ ಹೆಸರು ನೆನಪಿತ್ತು, ಅಜ್ಜನದೂ ಇತ್ತು. ನಿಮ್ಮದು ಬರಲಿಲ್ಲ. ದರ್ಭೆ ಹಿಡಿದ ಕೈಯನ್ನೇ ನೋಡುತ್ತ ಕೂತೆ.

ಆಗ, ನಲವತ್ತು ವರ್ಷ ನಿಮ್ಮನ್ನು "ಇವರು" ಎಂದಷ್ಟೇ ಕರೆದ ಅವ್ವ, ಅಡುಗೆಮನೆಯ ಬಾಗಿಲಲ್ಲಿ ನಿಂತು "ಶ್ರೀಪಾದ" ಎಂದಳು. ಅವಳ ಬಾಯಲ್ಲಿ ನಿಮ್ಮ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ದುಃಖಕ್ಕ ಹುಡುಗನ ಗಂಟಲ ಕಟ್ಟೇದರಿ" ಎಂದು ಆಚಾರ್ಯರಿಗೆ ಹೇಳಿ ಕಣ್ಣೊರೆಸಿಕೊಂಡಳು.

ನಾನು ಹೌದೆಂದು ತಲೆಯಾಡಿಸಿದೆ.