ಗುರುತು ಹಾಕಿದ ಮೊಟ್ಟೆ

ಮಾರ್ಚ್ 4, 1981. ಅಜ್ಜಂಪುರ

ತರೀಕೆರೆ ಬಸ್ ಇಳಿದವಳೇ ಹಿತ್ತಲ ಗೋಡೆಯಾಚೆ ಇಣುಕಿದೆ. ಪಕ್ಕದ ಮನೆ ಸೈದಾನಿ ಬಿಯ ಕೋಳಿ ಕಾವಿಗೆ ಕೂತೇ ಇದೆ. ಅದರಡಿ ನನ್ನದೂ ಒಂದು ಮೊಟ್ಟೆ, ಅವರಿಂದಲೇ ಕೊಂಡು ನಿನ್ನೆ ಇಟ್ಟದ್ದು — ಪೆನ್ಸಿಲ್ ಗುರುತು ಹಾಕಿ. ನಮ್ಮ ಮನೆಗೆ ಮೊಟ್ಟೆ ತರುವಂತಿಲ್ಲ. ಲಿಂಗಪೂಜೆಯ ಮನೆ.

ಹದಿನಾರಕ್ಕೆ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ಮೂರು ದಿನದ ಕೋಳಿಯ ಭ್ರೂಣ ತೋರಿಸಬೇಕು, ಹೃದಯ ಮಿಡಿಯುತ್ತಿರಬೇಕು. ಇಲ್ಲದಿದ್ದರೆ ನನ್ನ ಟೆಂಪರರಿ ಲೆಕ್ಚರರ್ ಪೋಸ್ಟ್ ಅಷ್ಟೇ. ಪ್ರಿನ್ಸಿಪಾಲರು ನಗುತ್ತಲೇ ಹೇಳಿದರು.

ಊಟಕ್ಕೆ ಕೂತಾಗ ಅತ್ತೆಗೆ ವಿವರಿಸಿದೆ. ಮೊದಲ ದಿನ ಒಂದು ಗೆರೆ. ಎರಡನೆಯ ದಿನ ಮಿಡಿತ. ಮೂರಕ್ಕೆ ಜೇಡರಬಲೆಯಂತೆ ರಕ್ತನಾಳ.

"ಆಮೇಲೆ?"

"ಒಡೆದು ತೋರಿಸ್ತೀವಿ."

ಮಜ್ಜಿಗೆ ಬೇಡವೆಂದು ಎದ್ದರು.

ಮಾರ್ಚ್ 6

ಅಭ್ಯಾಸಕ್ಕೆಂದು ಸಂಜೆ ಮೊಟ್ಟೆಯನ್ನು ಗೋಡೆಯಾಚೆಯೇ ಒಡೆದೆ. ಏನೂ ಇಲ್ಲ! ಹಳದಿ, ಮೇಲೊಂದು ಬಿಳಿ ಚುಕ್ಕೆ. ಇಂದು ಇಟ್ಟ ಮೊಟ್ಟೆಯಂತೆ. ಗುರುತು ಇದೆ, ದಪ್ಪಗೆ. ಆದರೆ ನಾನು ಪೆನ್ಸಿಲ್ ಅಷ್ಟು ಒತ್ತುವವಳಲ್ಲ...

ಸೈದಾನಿ ಬಿಯನ್ನು ಕೇಳಿದೆ. "ನಮ್ ಹುಂಜ ಸೋಮಾರಿ ಅಂತೀಯೇನವ್ವಾ? ಅದ್ರ ಕಾಟಕ್ಕೆ ಬೀದಿಯೋರೆಲ್ಲ ಬೈತಾರೆ!" ನಕ್ಕರು. ಮುಖ ಮಾತ್ರ ಬೇರೆ ಕಡೆ.

ಇನ್ನೊಂದು ಇಟ್ಟು ಬಂದೆ.

ಮಾರ್ಚ್ 9

ಅದೂ ಖಾಲಿ. ಮೂರನೆಯದೊಂದು ಇಟ್ಟೆ. ಯಾರೋ ಮೊಟ್ಟೆ ಬದಲಾಯಿಸುತ್ತಿದ್ದಾರೆ, ಖಂಡಿತ. ಯಾಕೆ? ಕಾವು ಹತ್ತಿದ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ, ಕೊಳ್ಳುವುದಿಲ್ಲ. ಓದುತ್ತಿರುವ ಫ್ರೆಂಚ್ ಕಾದಂಬರಿಯಲ್ಲಿ ಎಲ್ಲರಿಗೂ ತೋಟದ ಮಾಲಿಯ ಮೇಲೇ ಅನುಮಾನ. ಅನುವಾದ ಒರಟು. ಅನುಮಾನ ಸಲೀಸು, ನನಗೂ ಸೈದಾನಿ ಬಿಯ ಮೇಲೆ.

ಅತ್ತೆ ಸಂಜೆ ಎರಡನೇ ಸಲ ಸ್ನಾನ ಮಾಡಿದರು. ಶುಕ್ರವಾರವೂ ಮಾಡಿದ್ದರು. ಸೆಕೆಯಂತೆ.

ಮಾರ್ಚ್ 12

ಅರ್ಧ ದಿನ ರಜೆ ಹಾಕಿ ಗೋಡೆಯ ಹಿಂದೆ ನಿಂತೆ. ಸೈದಾನಿ ಬಿ ಕೋಳಿಯನ್ನು ಎತ್ತಿ ಹಿಡಿದಿದ್ದರು. ಬುಟ್ಟಿಯ ಮುಂದೆ ಕೂತವರು ಅತ್ತೆ! ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಕೈ. ಸೆರಗು ಸುತ್ತಿಕೊಂಡು ನನ್ನ ಮೊಟ್ಟೆ ತೆಗೆದರು, ಗುರುತು ಒರೆಸಿದರು, ಕೋಳಿಯ ಮೊಟ್ಟೆಗಳ ನಡುವೆ ಸೇರಿಸಿದರು. ಹೊಸದೊಂದಕ್ಕೆ ಪೆನ್ಸಿಲ್ ಒತ್ತಿದರು.

"ಮೆತ್ತಗೆ ಗೀಚು ಕಲ್ಲಮ್ಮಾ, ಒಡ್ದೋಯ್ತದೆ!" ಸೈದಾನಿ ಬಿ ಅತ್ತೆಗೆ ಅಂದರು.

ಕೆಮ್ಮಿದೆ. ಅತ್ತೆ ಬೆಚ್ಚಲಿಲ್ಲ.

"ಎದೆ ಬಡ್ಕಂತದೆ ಅಂತ ನೀನೇ ಅಂದೆ ಕಣೇ. ಬಡ್ಕಳೋದನ್ನ ಹೆಂಗೆ ಒಡೀತೀಯ? ಇದನ್ನ ಒಡ್ಕೋ. ಇದ್ರಾಗೆ ಇನ್ನೂ ಏನೂ ಬಂದಿಲ್ಲ."

"ನನ್ನ ಕೆಲಸ ಹೋಗುತ್ತೆ, ಅತ್ತೆ."

"ಗೊತ್ತೈತೆ."

ಸ್ನಾನಕ್ಕೆ ಹೋದರು.

ಮಾರ್ಚ್ 13

ಬೆಳಿಗ್ಗೆ ಅವರೆದುರೇ ಹೊಸದೊಂದು ಇಟ್ಟೆ.

ಮಾರ್ಚ್ 15

ಕತ್ತಲಾದ ಮೇಲೆ ಮೊಟ್ಟೆಗೆ ಬ್ಯಾಟರಿ ಹಿಡಿದು ನೋಡಿದೆ. ಕೆಂಪು ಎಳೆಗಳು. ಅತ್ತೆಯನ್ನೂ ಕರೆದು ತೋರಿಸಿದೆ. ಯಾಕೆ ತೋರಿಸಿದೆನೋ! ಬಹಳ ಹೊತ್ತು ನೋಡಿದರು.

ಮಾರ್ಚ್ 16, ಬೆಳಿಗ್ಗೆ ಎಂಟು

ಮೊಟ್ಟೆಯನ್ನು ಬೆಚ್ಚಗೆ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಹಿತ್ತಲ ಗೋಡೆಯ ಮೇಲಿಟ್ಟೆ. ಸೀರೆ ಬದಲಿಸಿ ಬಂದೆ. ಅತ್ತೆಯ ಸ್ನಾನ, ಪೂಜೆ ಆಗಲೇ ಮುಗಿದಿತ್ತು. ಈಗ ಬಚ್ಚಲೊಲೆ ಮತ್ತೆ ಹೊಗೆಯಾಡುತ್ತಿದೆ.

ಗುರುತು ನೋಡಿದೆ. ತೆಳ್ಳಗೇ ಇದೆ. ಅತ್ತೆ ಮೆತ್ತಗೆ ಗೀಚಲು ಕಲಿತುಬಿಟ್ಟರೇ?

ಬ್ಯಾಟರಿ ಕೈಯಲ್ಲೇ ಇದೆ. ಬಸ್ಸಿಗೆ ಇನ್ನೂ ಹೊತ್ತಿದೆ. ಹಿಡಿದು ನೋಡಿ, ಖಾಲಿ ಎಂದು ಗೊತ್ತಾದರೆ ಗೋಡೆಯಾಚೆ ಹೋಗಿ ಕೋಳಿಯಡಿಯಿಂದ ಆ ಮಿಡಿಯುವ ಇನ್ನೊಂದನ್ನು ನಾನೇ ಹುಡುಕಿ ತರಬೇಕು. ನೋಡದೇ ಹೋದರೆ, ಪರೀಕ್ಷಕರ ಮುಂದೆ ಒಡೆದಾಗಲೇ ಗೊತ್ತಾಗುವುದು —