ಅಪ್ಪನ ಹಿತ್ತಾಳೆ ಬೀಗ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸಿಡುಕಿಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಅಪ್ಪ ಹೋದ ಮೇಲೆ ನೀವು ಬರೆದ ಎರಡು ಪತ್ರಕ್ಕೂ ಉತ್ತರಿಸಲಿಲ್ಲ. ಬೈಯಿರಿ, ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈಯಿರಿ. ಅಂಗಡಿಯ ತಗಾದೆಯಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ತಂಗಿ ಎನಿಸಿಕೊಂಡ ಪುಟ್ಟಿ ಊರಿಗೆ ಬಂದು ಕೂತಿದ್ದಾಳೆ. ನಿಮ್ಮ ಅಣ್ಣನ ಬೀಗ ರಿಪೇರಿ ಅಂಗಡಿಯಲ್ಲಿ ಅವಳಿಗೂ ಅರ್ಧ ಬೇಕಂತೆ. ಮದುವೆಯಾಗಿ ಹೋದ ಮೇಲೆ ಈ ಕಡೆ ತಲೆಹಾಕಿಯೂ ಮಲಗದವಳು ಈಗ ಗಿರಾಕಿಗಳ ಮುಂದೆ "ನಮ್ಮಪ್ಪ, ನಮ್ಮಪ್ಪ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಅಳುವಾಗಲೂ ಚೆಂದ ಕಾಣುತ್ತಾಳೆ, ನೋಡಿದರೆ ಮೈ ಉರಿಯುತ್ತದೆ. ನಾನು ಅತ್ತರೆ ಜನ ನೆಗಡಿಯೇ ಎಂದು ಕೇಳುತ್ತಾರೆ. ಪಕ್ಕದ ಬೇಕರಿಯವನು ಅವಳಿಗೆ ಕುರ್ಚಿ ತಂದು ಹಾಕಿದ. ಇಷ್ಟು ವರ್ಷ ಅಲ್ಲೇ ನಿಂತು ಕೀಲಿಕೈ ಉಜ್ಜಿದ ನನ್ನನ್ನು ಒಂದು ದಿನ ಕೂತುಕೋ ಎಂದವನಲ್ಲ.

ನಮ್ಮ ವಕೀಲೆ ಬಲು ಖಡಕ್ಕು. "ನೋಡಮ್ಮ, ಅಂಗಡಿ ಈಗ ನಿಮ್ಮ ಕೈಲಿದೆ, ಬಿಟ್ಕೊಡ್ಬೇಡಿ. ಬೀಗ ನಿಮ್ಮದೇ ಇರ್ಲಿ. ತಂಗಿ ಏನೇ ತಂದ್ರೂ ಸಹಿ ಹಾಕ್ಬೇಡಿ. ಜಗಳಾನೂ ಆಡ್ಬೇಡಿ" ಎಂದರು. ಜಗಳ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಪಾಲಿಸಿದೆ.

ಬಾಗಿಲಿಗೆ ಅಪ್ಪ ಕೈಯಾರೆ ಮಾಡಿದ್ದ ಹಿತ್ತಾಳೆ ಬೀಗವನ್ನೇ ಜಡಿದೆ. ಅದರ ಕೀಲಿಕೈ ಕಳೆದು ಯಾವ ಕಾಲವಾಯಿತೋ. ಅದುಮಿದರೆ ಬೀಗ ಬೀಳುತ್ತದೆ, ತೆಗೆಯಲು ತಂತಿಯೇ ಬೇಕು. ತಂತಿಯನ್ನು ಕಿರುಬೆರಳಲ್ಲಿ ಒತ್ತಿ ಒಳಗಿನ ಕೊನೆಯ ಲಿವರನ್ನು ಹಿಂದಕ್ಕೆ ತಳ್ಳಬೇಕು. ಎಲ್ಲರೂ ಮುಂದಕ್ಕೆ ತಳ್ಳಿ ಸೋಲುತ್ತಾರೆ. ನಾನು ಕಲಿಯುವಾಗ ತಪ್ಪಿದಾಗಲೆಲ್ಲ ಅಪ್ಪ ಅರದ ಹಿಡಿಯಿಂದ ಗೆಣ್ಣಿನ ಮೇಲೆ ಕುಟ್ಟುತ್ತಿದ್ದರು. ಕೊನೆಗೂ ತೆಗೆದ ದಿನ "ಹೂಂ" ಎಂದರು, ಅಷ್ಟೇ. ಆ ಮರ್ಮ ನಮ್ಮಿಬ್ಬರಿಗೇ ಗೊತ್ತು ಎಂದುಕೊಂಡು ಇಷ್ಟು ವರ್ಷ ಬೀಗಿದ್ದೇನೆ.

ಮರುದಿನ ಬೆಳಿಗ್ಗೆ ಹೋದರೆ ಬಾಗಿಲು ತೆರೆದಿದೆ! ಬೀಗದ ಮೇಲೆ ಒಂದು ಗೀರಿಲ್ಲ. ಪುಟ್ಟಿ ಅಪ್ಪನ ಸ್ಟೂಲಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು.

"ಯಾರೇ ತೆಗ್ದಿದ್ದು?"

"ನಾನೇ ಕಣಕ್ಕ. ಕಿರುಬೆರಳಲ್ಲಿ ಒತ್ತಿ, ಕೊನೇದನ್ನ ಹಿಂದಕ್ಕೆ ತಳ್ಳೋದು ತಾನೇ? ಚಿಕ್ಕೋಳಿದ್ದಾಗ ಅಪ್ಪ ಆಟಕ್ಕೆ ಹೇಳ್ಕೊಟ್ಟಿದ್ರು. ಕಣ್ಮುಚ್ಚಿ ತೆಗೆದ್ರೆ ಪೆಪ್ಪರ್‌ಮಿಂಟು, ಸೋತ್ರೆ ಕಚಗುಳಿ. ಇಬ್ರೂ ಬಿದ್ದೂ ಬಿದ್ದೂ ನಗ್ತಿದ್ವಿ. ನಿಂಗೂ ಹಾಗೇ ಹೇಳ್ಕೊಟ್ರಲ್ವಾ?"

ಹೌದು ಎಂದೆ. ಅವಳೆದುರು ಬೇರೇನು ಹೇಳಲಿ, ಅತ್ತೆ? ಅಲ್ಲಿಂದ ಮುಂದೆ ಹೇಳಬಾರದ್ದನ್ನೆಲ್ಲ ಹೇಳಿ ಅವಳನ್ನು ಹೊರಗಟ್ಟಿದೆ.

ವಕೀಲೆಗೆ ಫೋನ್ ಮಾಡಿದರೆ, "ಮುರಿದಿದ್ರೆ ದೂರು ಕೊಡಬಹುದಿತ್ತು. ಬೇರೆ ಬೀಗ ಹಾಕಿ" ಎಂದರು. ಬೀಗ ರಿಪೇರಿಯವರ ಮಗಳಾಗಿ ನಾನು ಪೇಟೆಗೆ ಹೋಗಿ ಬೀಗ ಕೊಂಡು ತಂದೆ. ಬೇಕರಿಯವನು ಕಿಸಕ್ಕೆಂದ.

ಈಗ ನಿಮ್ಮಿಂದ ಒಂದು ಉಪಕಾರವಾಗಬೇಕು. ಅಂಗಡಿ ನಡೆಸಿದ್ದು ನಾನೇ ಎಂದು ನ್ಯಾಯಾಲಯದಲ್ಲಿ ಹೇಳಿಕೆ ಕೊಡಿ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ. ಬಂದು ಹೋಗುವ ಖರ್ಚು ನನ್ನದು.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ
ಸಿಡುಕಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ನಿನ್ನೆ ಸಂಜೆ ಪುಟ್ಟಿ ಮನೆಗೆ ಬಂದಿದ್ದಳು. "ಅಂಗಡಿ ನೀನೇ ಇಟ್ಕೋ ಅಕ್ಕ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಆ ಹಿತ್ತಾಳೆ ಬೀಗ ಒಂದು ನಂಗೆ ಕೊಡು" ಎಂದಳು. ಗೆದ್ದೆನೆಂದು ಕುಣಿಯಬೇಕಿತ್ತು. ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ. ಹಾಗಾಗಿ ಕೇಸು ನಡೆಯುತ್ತದೆ. ಅತ್ತೆ, ನೀವು ನನ್ನನ್ನು ಎತ್ತಿ ಆಡಿಸಿದವರು. ಅಪ್ಪ ನನ್ನ ಜೊತೆ ಎಂದಾದರೂ ನಕ್ಕಿದ್ದು ನಿಮಗೆ ನೆನಪಿದ್ದರೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿ. ಅದನ್ನು ವಕೀಲೆಗೆ ತೋರಿಸುವುದಿಲ್ಲ.