ಹುಣಸೆನೀರಿನಲ್ಲಿ ತೊಳೆದ ಕಲ್ಲು

ಧಾರವಾಡ
೬ ಫೆಬ್ರವರಿ ೨೦೦೬

ಪ್ರೀತಿಯ ಅಬ್ಬಾ,

ಸಲಾಮು. ಬರುವ ರವಿವಾರ ನಮ್ಮ ಕಾಲೇಜಿನಲ್ಲಿ ಕಲ್ಲುಗಳ ಪ್ರದರ್ಶನವಿದೆ. ಕಲಾಯಿ ಅಂಗಡಿಗೆ ಒಂದು ದಿನ ಬೀಗ ಹಾಕಿ, ಅಮ್ಮಿಯನ್ನೂ ಕರೆದುಕೊಂಡು ಗಜೇಂದ್ರಗಡದಿಂದ ಮೊದಲ ಬಸ್ಸಿಗೇ ಹೊರಡಿ.

ಕಪ್ಪತಗುಡ್ಡದ ಹಳೆಯ ತಾಮ್ರದ ಗುಂಡಿಗಳಲ್ಲಿ ನಾನು ಆರಿಸಿದ ಹಸಿರು ಕಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹಂಡೆಗೆ ಕಿಲುಬು ಹಿಡಿಯುವಂತೆಯೇ ನೆಲದೊಳಗಿನ ತಾಮ್ರಕ್ಕೂ ಗಾಳಿ, ನೀರು ತಾಗಿ ಈ ಹಸಿರು ಹುಟ್ಟುತ್ತದೆ. ಸೂಜಿಯಂಥ ಹರಳುಗಳಿರುವ ಒಂದು ಕಲ್ಲನ್ನು ನಮ್ಮ ಸರ್ ಇದುವರೆಗೆ ಪುಸ್ತಕದಲ್ಲಷ್ಟೇ ನೋಡಿದ್ದರಂತೆ.

ಅದರ ಜೋಡಿಯನ್ನು ರಂಜಾನ್ ರಜೆಗೆ ಮನೆಗೆ ತಂದಿದ್ದೆ. ನೀವು ಅದನ್ನು ಹುಣಸೆನೀರಿನಲ್ಲಿ ನೆನೆಯಿಟ್ಟು, ಉಪ್ಪು ಹಾಕಿ ಉಜ್ಜಿ, "ಕಿಲುಬು ಭಾಳ ಹಿಡಿದಿತ್ತು ಬೇಟಿ. ಈಗ ನೋಡು ಹ್ಯಾಂಗ ಹೊಳಿತೈತಿ" ಎಂದು ನನ್ನ ಕೈಗಿಟ್ಟಿರಿ. ಹಸಿರೆಲ್ಲ ಹೋಗಿ ಒಳಗಿನ ಕೆಂಪು ತಾಮ್ರ ಕಾಣುತ್ತಿತ್ತು. ರಜೆ ಮುಗಿಯುವವರೆಗೂ ನಾನು ನಿಮ್ಮೊಡನೆ ಮಾತಾಡಲಿಲ್ಲ.

ಆ ಹಸಿರು ಹೊಟ್ಟೆಗೆ ಹೋದರೆ ವಿಷವೆಂದು ಜೀವಮಾನವೆಲ್ಲ ಊರವರ ಪಾತ್ರೆ ಉಜ್ಜಿದ ಕೈ ನಿಮ್ಮದು. ಅದು ಸುಮ್ಮನೆ ಹೇಗಿದ್ದೀತು?

ನೀವು ತೊಳೆದ ಆ ಕಲ್ಲನ್ನು ಹೊರಗಿಡು ಎಂದರು ಸರ್. ನಾನು ಒಪ್ಪಲಿಲ್ಲ. ಈಗ ಎರಡೂ ಅಕ್ಕಪಕ್ಕ ಇವೆ. ಹಸಿರು ಕಲ್ಲಿನ ಚೀಟಿಯಲ್ಲಿ "ಆರಿಸಿದವರು: ಆಸಿಫಾ" ಎಂದಿದೆ. ಕೆಂಪು ಕಲ್ಲಿನದರಲ್ಲಿ "ತೊಳೆದವರು: ಮಹಮ್ಮದಸಾಬ ಕಲಾಯಿಗಾರ, ಗಜೇಂದ್ರಗಡ" ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದೇನೆ.

ಎಲ್ಲರಿಗೂ ನಿಮ್ಮನ್ನು ತೋರಿಸಬೇಕು, ಬಿಳಿ ಜುಬ್ಬಾ ಹಾಕಿಕೊಂಡು ಬನ್ನಿ. ಹುಣಸೆಹಣ್ಣು ಮಾತ್ರ ಮನೆಯಲ್ಲೇ ಇರಲಿ. ಅಂಥ ಹಸಿರು ಕಲ್ಲು ಈಗ ಒಂದೇ ಉಳಿದಿದೆ.

ನಿಮ್ಮ ಮಗಳು,
ಆಸಿಫಾ